ಸಕ್ಕರೆ ಏರಿತು, ತೋಳು ಸೊರಗಿತು

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಸಕ್ಕರೆ ಕಾಯಿಲೆ ಯಾವತ್ತೂ ಇರಲಿಲ್ಲ. ವೈರಸ್ ನ್ಯುಮೋನಿಯಾ ಆಗಿ 11 ದಿನ ಆಸ್ಪತ್ರೆಯಲ್ಲಿದ್ದರು. ಮೂರನೇ ದಿನ ಸಕ್ಕರೆ 260 ಬಂತು, ಇನ್ಸುಲಿನ್ ಕೊಟ್ಟರು. ಡ್ರಿಪ್‌ನಿಂದಲೇ ಏರಿತು ಅಂತ ಮನೆಯವರೆಲ್ಲ ಹೇಳುತ್ತಾರೆ. ತೂಕ ಆರು ಕೆಜಿ ಇಳಿದಿದೆ. ಕೈಗಡಿಯಾರದ ಪಟ್ಟಿ ಎರಡು ತೂತು ಬಿಗಿ ಮಾಡಬೇಕಾಯಿತು. ಸಕ್ಕರೆ ಅಷ್ಟಿದ್ದರೂ ಯಾಕೆ ಸೊರಗಿದರು ಡಾಕ್ಟ್ರೇ? ಇನ್ನು ಜೀವನಪೂರ್ತಿ ಸಕ್ಕರೆ ಕಾಯಿಲೆಯಾ?

ಉತ್ತರ: ಗಡಿಯಾರದ ಪಟ್ಟಿಯ ವಿಷಯ ಬರೆದಿದ್ದು ಒಳ್ಳೆಯದಾಯಿತು. ಅವರ ರಕ್ತದಲ್ಲಿ ಏರಿದ ಸಕ್ಕರೆಯಲ್ಲಿ ಒಂದು ಪಾಲು ಆ ಸೊರಗಿದ ತೋಳಿನಿಂದಲೇ ಬಂದದ್ದು.

ಸೋಂಕು ಜೋರಾದಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಹಾರ್ಮೋನುಗಳನ್ನು ಜಾಸ್ತಿ ಬಿಡುತ್ತದೆ. ವೈರಸ್ ಜೊತೆ ಸೆಣಸುವ ಬಿಳಿ ರಕ್ತಕಣಗಳಿಗೆ ಗ್ಲೂಕೋಸ್ ಬೇಕು. ಲಿವರ್ ಅದನ್ನು ತಯಾರಿಸುತ್ತದೆ, ಸ್ನಾಯುವಿನ ಪ್ರೋಟೀನ್ ಒಡೆದು ಬಂದ ಸರಕಿನಿಂದ. ಇತ್ತ ‘ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಿ’ ಅನ್ನುವ ಇನ್ಸುಲಿನ್ ಮಾತನ್ನು ಸ್ನಾಯುಗಳು ಸರಿಯಾಗಿ ಕೇಳುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಸ್ಟೀರಾಯ್ಡ್ ಕೊಟ್ಟಿದ್ದರೆ ಇನ್ನೂ ಏರುತ್ತದೆ. ಡ್ರಿಪ್ ಮೂಲ ಕಾರಣ ಅಲ್ಲ. ಶೇ. 5ರ ಗ್ಲೂಕೋಸ್ ಒಂದು ಲೀಟರಿನಲ್ಲಿ ಇರುವುದು 50 ಗ್ರಾಂ. ಆರೋಗ್ಯವಂತರ ದೇಹ ಅದನ್ನು ಸಲೀಸಾಗಿ ನಿಭಾಯಿಸುತ್ತದೆ.

ಊಟ ಸೇರದೆ ಸೊರಗಿದರು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಸುಮ್ನೆ ಊಟ ಬಿಟ್ಟವರಲ್ಲಿ ಕೆಲವು ದಿನಕ್ಕೆ ದೇಹ ಕೊಬ್ಬಿನ ಕಡೆ ತಿರುಗುತ್ತದೆ. ಕೊಬ್ಬಿನಿಂದ ಕೀಟೋನ್ ಅನ್ನುವ ಇಂಧನ ಮಾಡಿಕೊಂಡು ಮಿದುಳನ್ನೂ ನಡೆಸುತ್ತದೆ, ಸ್ನಾಯುವನ್ನು ಆದಷ್ಟು ಉಳಿಸುತ್ತದೆ. ಜೋರು ಸೋಂಕಿನಲ್ಲಿ ಈ ಉಳಿತಾಯ ಸರಿಯಾಗಿ ನಡೆಯುವುದಿಲ್ಲ. ಜೊತೆಗೆ ಜ್ವರ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಸುಮಾರು ಶೇ. 10 ಜಾಸ್ತಿ. ವಾರ್ಡಿನಲ್ಲಿ ನಾನು ಹೊದಿಕೆ ಸರಿಸಿ ರೋಗಿಯ ತೊಡೆ ಹಿಡಿದು ನೋಡುತ್ತೇನೆ. ಸೇರಿದ ದಿನ ಗಟ್ಟಿಯಾಗಿದ್ದ ತೊಡೆ ವಾರ ಕಳೆಯುವಷ್ಟರಲ್ಲಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಮನೆಗೆ ಹೋದ ಮೇಲೆ ಇವರಿಗೆ ಎದ್ದು ನಿಲ್ಲುವುದೇ ಕಷ್ಟ ಅಂತ ಆಗಲೇ ಗೊತ್ತಾಗುತ್ತದೆ. ಸಂಕಟವಾಗುತ್ತದೆ.

ಡಿಸ್ಚಾರ್ಜ್ ಹಾಳೆಯಲ್ಲಿ ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆಯ ಫಲಿತಾಂಶ ಬರೆದಿದ್ದಾರಾ ನೋಡಿ. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕ ಅದರಲ್ಲಿರುತ್ತದೆ. ನಾಲ್ಕು ದಿನದ ಏರಿಕೆಗೆ ಅದು ಅಷ್ಟಾಗಿ ಅಲುಗುವುದಿಲ್ಲ. 6.5 ಅಥವಾ ಅದಕ್ಕೂ ಜಾಸ್ತಿ ಇದ್ದರೆ ಕಾಯಿಲೆ ಮೊದಲೇ ಇದ್ದು ನಿಮಗೆ ತಿಳಿದಿರಲಿಲ್ಲ ಅಂತ ಅನುಮಾನ ಪಡಬೇಕು. 5.7ಕ್ಕಿಂತ ಕಡಿಮೆ ಇದ್ದರೆ ಬಹುಮಟ್ಟಿಗೆ ಸೋಂಕಿನದೇ ಏರಿಕೆ. ಆದರೂ ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ, ಇಂಥವರಲ್ಲಿ ಕೆಲವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವುದುಂಟು. ಇನ್ಸುಲಿನ್ ಇನ್ನೂ ನಡೆಯುತ್ತಿದ್ದರೆ ಈ ವಾರವೇ ವೈದ್ಯರನ್ನು ಕಾಣಿ. ಸೋಂಕು ಇಳಿದಂತೆ ಇನ್ಸುಲಿನ್ ಬೇಡಿಕೆಯೂ ಇಳಿಯುತ್ತದೆ. ಅದೇ ಡೋಸ್ ಮುಂದುವರಿದರೆ ಸಕ್ಕರೆ ತೀರಾ ಕುಸಿಯಬಹುದು.

ಇನ್ನು ಆ ಆರು ಕೆಜಿ. ಪಾಪ ಅಂತ ಹಾಸಿಗೆಯಲ್ಲೇ ಕೂರಿಸಿ ಉಪಚಾರ ಮಾಡಿದರೆ ತೂಕ ಬರುತ್ತದೆ, ಆದರೆ ಹೆಚ್ಚಾಗಿ ಕೊಬ್ಬಾಗಿ ಬರುತ್ತದೆ. ಕಿಡ್ನಿ ಸರಿಯಿದೆ ಅಂತ ವೈದ್ಯರು ಹೇಳಿದರೆ ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ. ಪಕ್ಕದಲ್ಲಿ ನಿಂತು, ಕೈ ಊರದೆ ಕುರ್ಚಿಯಿಂದ ಏಳಿಸಿ. ಇವತ್ತು ಎಷ್ಟು ಸಲ ಎದ್ದರು ಅಂತ ಬರೆದಿಡಿ. ತಿಂಗಳಾದ ಮೇಲೆ ಆ ಚೀಟಿ ನನಗೂ ಕಳಿಸಿ.