ಮಿಲಿಟರಿ ಸೈನ್ಸ್ ತಗೊಂಡರೆ ಸೈನ್ಯ ಸೇರಲೇಬೇಕಾ?

ಅಮೆರಿಕದ ಕಾಲೇಜಿನಲ್ಲಿರೋ ನಿಮ್ಮ ಅಕ್ಕನ ಮಗ ಮೊದಲ ವರ್ಷ ಮಿಲಿಟರಿ ಸೈನ್ಸ್ ತಗೊಂಡರೆ ಸೈನ್ಯ ಸೇರಲೇಬೇಕಾ ಅಂತ ಕೇಳಿದ್ದೀರಿ. ಹಾಗೇನಿಲ್ಲ ಮೇಡಂ. ಮಿಲಿಟರಿ ಸೈನ್ಸ್ ಅಂದರೆ ಆರ್ಮಿ ಆರ್‌ಒಟಿಸಿಯ ಪಾಠ; ಕಾಲೇಜು ಹುಡುಗರನ್ನ ಸೈನ್ಯದ ಅಧಿಕಾರಿಗಳಾಗಿ ತಯಾರು ಮಾಡೋ ತರಬೇತಿ ಅದು. ಅದರಲ್ಲಿ ಮೊದಲ 2 ವರ್ಷ ಬೇಸಿಕ್ ಕೋರ್ಸ್. ಅವರ ಸ್ಕಾಲರ್‌ಶಿಪ್ ತಗೊಳ್ಳದಿದ್ದರೆ ಯಾವ ಕಟ್ಟುಪಾಡೂ ಇಲ್ಲ, ಬೇಡ ಅನಿಸಿದರೆ ಬಿಡಬಹುದು.

ಸೈನ್ಯದ ಕರಾರಿಗೆ ಸಹಿ ಬೀಳೋದು 3ನೇ ವರ್ಷ, ಅಡ್ವಾನ್ಸ್ಡ್ ಕೋರ್ಸ್ ಶುರುವಾದಾಗ. ಆಮೇಲೆ ಒಟ್ಟು 8 ವರ್ಷದ ಹೊಣೆ. ಅದರಲ್ಲಿ ಪೂರ್ಣಾವಧಿ ಸೇವೆ ಎಷ್ಟು, ರಿಸರ್ವ್ (ಬೇಕಾದಾಗ ಕರೆಸಿಕೊಳ್ಳೋ ಮೀಸಲು ಪಡೆ) ಎಷ್ಟು ಅನ್ನೋದು ಆ ಕರಾರಿನ ಮೇಲೆ. ಈ ಸಹಿಗೆ ಅಮೆರಿಕದ ಪೌರತ್ವ ಬೇಕು. ಹುಡುಗ ಸ್ಟೂಡೆಂಟ್ ವೀಸಾದಲ್ಲಿದ್ದರೆ ಮಾತು ಅಲ್ಲಿಗೇ ಮುಗೀತು, ಅಲ್ವಾ?

ಕಲಿಕೆಯಂತೂ ಸುಮ್ನೆ ಪರೇಡ್ ಅಲ್ಲ. ಒಬ್ಬ ಕೆಡೆಟ್‌ಗೆ ಒಂಬತ್ತು ಜನರ ಸ್ಕ್ವಾಡ್ ಒಪ್ಪಿಸಿ, ನಕ್ಷೆ ಕೊಟ್ಟು, ಕಾಡಿಗೆ ಕಳಿಸುತ್ತಾರೆ. ಯಾರು ಮುಂದೆ, ಯಾರು ಹಿಂದೆ, ಎಲ್ಲಿ ನಿಲ್ಲಬೇಕು, ಎಲ್ಲ ಅವನೇ ಹೇಳಬೇಕು. ವಾಪಸ್ ಬಂದ ಮೇಲೆ ಎಲ್ಲರೂ ಕೂತು ಎಲ್ಲಿ ಎಡವಿದೆವು ಅಂತ ಬಿಚ್ಚಿ ಮಾತಾಡುತ್ತಾರೆ. ನನಗೆ ಜಾಸ್ತಿ ಹಿಡಿಸೋದು ಇದೇ. ಕೆಂಟಕಿಯ ಫೋರ್ಟ್ ನಾಕ್ಸ್‌ನ ಬೇಸಿಗೆ ಕ್ಯಾಂಪೂ ದಾಟಿ, ಡಿಗ್ರಿ ಮುಗಿಸಿದರೆ ಸೆಕೆಂಡ್ ಲೆಫ್ಟಿನೆಂಟ್, ಅಂದರೆ ಸೈನ್ಯದ ಅಧಿಕಾರಿಯ ಮೊದಲ ದರ್ಜೆ.

ಮೊದಲ ವರ್ಷಕ್ಕೆ ಧೈರ್ಯವಾಗಿ ಸೇರಲಿ. ಸ್ಕಾಲರ್‌ಶಿಪ್ ಕಾಗದ ಬಂದರೆ ಮಾತ್ರ ಪೂರ್ತಿ ಓದಿಯೇ ಸಹಿ ಹಾಕಲಿ.