ಗೇಮ್ ಡೌನ್‌ಲೋಡ್ ಮೇಲಿನ 18% ಕಸ್ಟಮ್ಸ್ ಸುಂಕ ಅಲ್ಲ

ವಿದೇಶಿ ಕಂಪನಿಯ ಗೇಮ್ ಡೌನ್‌ಲೋಡ್ ಮಾಡಿದ್ದಕ್ಕೆ ಬಿಲ್ಲಿನಲ್ಲಿ 18% ಹಾಕಿದ್ದಾರೆ, ಇದು ಕಸ್ಟಮ್ಸ್ ಸುಂಕವೇ ಅಂತ ಕೇಳಿದ್ದೀರಿ. ಅಲ್ಲ, ಅದು ಜಿಎಸ್‌ಟಿ. ಆನ್‌ಲೈನ್ ಸೇವೆ ಮಾರುವ ಹೊರಗಿನ ಕಂಪನಿಗಳೂ ಇಲ್ಲಿ ನೋಂದಾಯಿಸಿಕೊಂಡು ಅದನ್ನು ಕಟ್ಟಬೇಕು.

ಡೌನ್‌ಲೋಡ್‌ಗೆ ಕಸ್ಟಮ್ಸ್ ಸುಂಕ ಹಾಕಬಾರದು ಅಂತ ವಿಶ್ವ ವಾಣಿಜ್ಯ ಸಂಸ್ಥೆಯ ದೇಶಗಳು 1998ರಲ್ಲಿ ಒಪ್ಪಿಕೊಂಡವು. ಅದು ತಾತ್ಕಾಲಿಕ ಒಪ್ಪಂದ, ಆದರೆ ಸಭೆಯಿಂದ ಸಭೆಗೆ ಅದನ್ನು ಮುಂದುವರಿಸುತ್ತಲೇ ಬಂದರು. 2024ರಲ್ಲಿ ಅಬುಧಾಬಿಯಲ್ಲೂ ಅದೇ ಆಯಿತು: ಮುಂದಿನ ಮಂತ್ರಿಗಳ ಸಭೆ ಅಥವಾ 2026ರ ಮಾರ್ಚ್ 31, ಯಾವುದು ಮೊದಲೋ ಅಲ್ಲಿಯ ತನಕ.

ಭಾರತ, ದಕ್ಷಿಣ ಆಫ್ರಿಕಾ, ಇಂಡೋನೇಷ್ಯಾ ಇದಕ್ಕೆ ತಕರಾರು ತೆಗೆಯುತ್ತಲೇ ಬಂದಿದ್ದವು. ಮೊದಲು ಸಿಡಿಯಲ್ಲಿ ಬಂದು ಸುಂಕ ಕಟ್ಟುತ್ತಿದ್ದ ಮಾಲು ಈಗ ತಂತಿಯಲ್ಲೇ ಬಂದರೆ ಬೊಕ್ಕಸಕ್ಕೆ ನಷ್ಟ ಅಲ್ವಾ? ವಿನಾಯಿತಿ ಬರೀ ಇಂಟರ್‌ನೆಟ್ ಮೂಲಕ ಕಳಿಸುವ ಸಾಗಣೆಗೋ, ಹಾಗೆ ಬರುವ ಗೇಮ್‌ನಂಥ ಸರಕಿಗೂ ಸೇರಿಯೋ ಎಂಬ ಜಗಳವೂ ಇದೆ. ಇಂಡೋನೇಷ್ಯಾ 2018ರಲ್ಲೇ ಸಾಫ್ಟ್‌ವೇರ್‌ಗೆ ಸುಂಕದ ಪಟ್ಟಿಯಲ್ಲಿ ಜಾಗ ಮಾಡಿಟ್ಟಿತು, ದರ ಮಾತ್ರ ಸೊನ್ನೆ!

ನನಗೆ ಜಿಎಸ್‌ಟಿ ದಾರಿಯೇ ಸರಿ ಅನ್ನಿಸುತ್ತದೆ. ಸ್ವದೇಶಿ, ವಿದೇಶಿ ಇಬ್ಬರಿಗೂ ಒಂದೇ ದರ. ಡೌನ್‌ಲೋಡ್ ಯಾವ ಗಡಿ ದಾಟಿತು ಅಂತ ಹುಡುಕುವ ರಗಳೆಯೂ ಇಲ್ಲ. ಬೇರೆಯವರೂ ಸುಂಕ ಹಾಕಲು ಶುರು ಮಾಡಿದರೆ ಹೊರದೇಶಕ್ಕೆ ಸಾಫ್ಟ್‌ವೇರ್ ಮಾರುವ ಬೆಂಗಳೂರಿಗೂ ಬಿಸಿ ತಟ್ಟುತ್ತದೆ.