ಸಹಿ ಮಾಡಿದ ಸಂಹಿತೆ, ತಿದ್ದಿದ ಚೀಟಿ

ದಾವಣಗೆರೆಯಲ್ಲಿ ಮೆಕ್ಕೆಜೋಳ ಖರೀದಿಸುವ ಕಂಪನಿಯೊಂದರ ಮಾಲೀಕರು ನಿದ್ದೆ ಬರುವುದಿಲ್ಲವೆಂದು, ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನನ್ನಲ್ಲಿಗೆ ಬಂದಿದ್ದರು. ಇದೇ ಬಗೆಯ ಸಂಕಟ ಹೊತ್ತ ಉದ್ಯಮಿಗಳನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಆಯುಧಪೂಜೆಯ ದಿನ ಅವರು ಸಿಬ್ಬಂದಿಗೆಲ್ಲ ನೀತಿಸಂಹಿತೆಯ ಪುಸ್ತಿಕೆ ಹಂಚಿ, ಪ್ರತಿಯೊಬ್ಬರಿಂದಲೂ ಸಹಿ ಪಡೆದಿದ್ದರು. ಎರಡು ತಿಂಗಳಲ್ಲಿ, ಮೆಕ್ಕೆಜೋಳದ ತೇವಾಂಶ ಅಳೆಯುತ್ತಿದ್ದ ಗುಮಾಸ್ತ, ಆ ಅಳತೆ ಬರೆದ ಒಂದು ಚೀಟಿಯನ್ನು ಅವರ ಮೇಜಿನ ಮೇಲಿಟ್ಟು ಕೆಲಸ ಬಿಟ್ಟುಹೋದ.

ಮೂರನೇ ಭೇಟಿಯಲ್ಲಿ ಆ ಚೀಟಿಯನ್ನು ನನ್ನ ಮುಂದೆ ಬಿಚ್ಚಿಟ್ಟರು. ಮೀಟರಿನ 13.8ಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 16 ಎಂದು ಬರೆಯಲಾಗಿತ್ತು. ಅವರಲ್ಲಿ ತೇವಾಂಶ ಶೇ 14ರವರೆಗೆ ಇದ್ದರೆ ತೂಕದಲ್ಲಿ ಕಡಿತವಿಲ್ಲ. 16 ಆದರೆ ಕ್ವಿಂಟಲಿಗೆ 2 ಕಿಲೋ, ಎಂದರೆ ನೂರು ಕ್ವಿಂಟಲಿನ ಲೋಡಿಗೆ 2 ಕ್ವಿಂಟಲ್ ಜೋಳದ ದುಡ್ಡು ರೈತನಿಗೆ ಸಿಗುವುದಿಲ್ಲ.

“ಮ್ಯಾನೇಜರು ತಿದ್ದಿಸಿದ್ದು ಮೇಡಂ, ನಾನು ಹೇಳಿರಲಿಲ್ಲ,” ಎಂದರು.

ಮ್ಯಾನೇಜರಿಗೆ ಇನಾಮನ್ನು ಯಾವ ಲೆಕ್ಕದ ಮೇಲೆ ಕೊಡುತ್ತೀರಿ ಎಂದು ಕೇಳಿದೆ.

“ಸೀಸನ್ನಿನಲ್ಲಿ ಎಷ್ಟು ಕಡಿತ ಬಂತು ಅನ್ನೋದರ ಮೇಲೆ.” ಬಹಳ ಹೊತ್ತು ಸುಮ್ಮನಿದ್ದು, ಚೀಟಿಯನ್ನು ಮಡಿಸುತ್ತಾ ಹೇಳಿದರು: “ಹಂಗಾದ್ರೆ ತಿದ್ದೋಕೆ ದುಡ್ಡು ಕೊಟ್ಟಿದ್ದು ನಾನೇ.”

ಅವರ ಪಾಪಪ್ರಜ್ಞೆಯನ್ನು ಅಲ್ಲಿಯೇ ತಣಿಸಬೇಕಿತ್ತು, ವ್ಯಾಪಾರದ ವಿಷಯಕ್ಕೆ ಕೈ ಹಾಕಬಾರದಿತ್ತು ಎಂದು ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪು ನಡೆಯುತ್ತಲೇ ಇರುವಾಗ ಮನಸ್ಸನ್ನಷ್ಟೇ ಸಮಾಧಾನಪಡಿಸಿ ಕಳಿಸಿದರೆ, ಆ ತಪ್ಪು ಮುಂದುವರಿಯಲು ನಾನೂ ನೆರವಾದಂತೆ. ಪುಸ್ತಿಕೆಯಲ್ಲಿ ಏನೇ ಅಚ್ಚಾಗಿರಲಿ, ಯಾವುದಕ್ಕೆ ಸಂಬಳ ಹೆಚ್ಚುತ್ತದೆ, ಸತ್ಯ ಹೇಳಿದವನ ಗತಿ ಏನಾಗುತ್ತದೆ ಎಂಬುದನ್ನು ನೋಡಿಯೇ ಕೆಲಸಗಾರರು ಯಜಮಾನರ ಮನಸ್ಸನ್ನು ಅರಿಯುತ್ತಾರೆ.

ಆದ್ದರಿಂದ ಇನಾಮಿನ ಲೆಕ್ಕವನ್ನು ಮೊದಲು ಬದಲಿಸಿ, ಮೀಟರಿನ ಅಂಕಿಯನ್ನು ರೈತನೆದುರೇ ಚೀಟಿಗೆ ಬರೆಸಿ, ತಿದ್ದಿದ ಚೀಟಿಗಳ ಹಣವನ್ನು ಹಿಂದಿರುಗಿಸಿ ಎಂದೆ. ದೂರುಗಳು ಮ್ಯಾನೇಜರನ್ನು ದಾಟಿ ನೇರ ನಿಮಗೆ ಮುಟ್ಟುವ ದಾರಿಯೂ ಬೇಕು ಎಂದೆ. ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವವು, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಪಡೆದವು ಇಂಥ ವ್ಯವಸ್ಥೆ ಮಾಡಿಕೊಳ್ಳಲೇಬೇಕೆಂದು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಮತ್ತು ಅದರ ನಿಯಮಗಳು ಹೇಳುತ್ತವೆ. ಇವರದು ಆ ಸಾಲಿಗೆ ಸೇರದ ಚಿಕ್ಕ ಕಂಪನಿ, ಆದರೆ ಕಾನೂನು ಕೇಳಲಿಲ್ಲವೆಂದು ಬಿಡುವ ಕೆಲಸವಲ್ಲ ಇದು.

ಎಲ್ಲಕ್ಕಿಂತ ಕಷ್ಟದ ಸಲಹೆಯನ್ನು ಕೊನೆಗೆ ಹೇಳಿದೆ: ಗುಮಾಸ್ತನ ಮನೆಗೆ ನೀವೇ ಹೋಗಿ, ಮರಳಿ ಬಾ ಎಂದು ಒತ್ತಾಯಿಸದೆ, ನೀನು ಮಾಡಿದ್ದೇ ಸರಿ ಎಂದು ಹೇಳಿ ಬನ್ನಿ.

ಅವರು ಹೋದರು. ಆತ ಚಹಾ ಕೊಟ್ಟು ಕೂರಿಸಿದ, ಕೆಲಸಕ್ಕೆ ಮಾತ್ರ ಮರಳಲಿಲ್ಲ. ಅನುಭವ ಪತ್ರದಲ್ಲಿ ತಾನು ಕೆಲಸ ಬಿಟ್ಟ ಕಾರಣವನ್ನು ಇದ್ದದ್ದು ಇದ್ದಂತೆ ಬರೆಯಿರಿ ಎಂದು ಕೇಳಿದನಂತೆ. ಕಂಪನಿಯ ಹೆಸರಿರುವ ಹಾಳೆಯ ಮೇಲೆ ಬರೆದು, ಸಹಿ ಮಾಡಿ ಕೊಟ್ಟಿದ್ದಾರೆ.